ಕ್ಯಾಥರರು ಯಾರು? ದಕ್ಷಿಣ ಫ್ರಾನ್ಸಿನ ‘ಒಳ್ಳೆಯ ಮನುಷ್ಯರು’ ಮತ್ತು ಅವರ ವಿರುದ್ಧ ಚರ್ಚು ನಡೆಸಿದ ನೂರು ವರ್ಷಗಳ ಕಾರ್ಯಾಚರಣೆ

“ಎಲ್ಲರನ್ನೂ ಕೊಲ್ಲಿರಿ, ದೇವರು ತನ್ನವರನ್ನು ತಾನೇ ಗುರುತಿಸಿಕೊಳ್ಳುತ್ತಾನೆ.” ಜಗತ್ತಿನ ಯಾವುದೋ ಮೂಲೆಯಲ್ಲಿ ಯುದ್ಧ ಹೊತ್ತಿಕೊಂಡು ನಾಗರಿಕರು ಸಾಯತೊಡಗಿದಾಗಲೆಲ್ಲ ಈ ವಾಕ್ಯ ಸಾಮಾಜಿಕ ಜಾಲತಾಣಗಳಲ್ಲಿ ಮತ್ತೆ ತಲೆ ಎತ್ತುತ್ತದೆ. ಅದರ ಕೆಳಗೆ ಹೆಚ್ಚೆಂದರೆ ‘ಪೋಪನ ಪ್ರತಿನಿಧಿ, 1209’ ಎಂದಿರುತ್ತದೆ. ಅದು ಒಂದು ಕ್ರುಸೇಡಿನ, ಎಂದರೆ ಪೋಪರು ಸಾರಿದ ಧರ್ಮಯುದ್ಧದ, ಮಾತು. ಕ್ರುಸೇಡ್ ಎಂದ ಕೂಡಲೇ ಜೆರುಸಲೇಮ್ ನೆನಪಾಗುವುದರಿಂದ, ಈ ಮಾತನ್ನೂ ಮುಸ್ಲಿಮರ ಮೇಲಿನ ಯಾವುದೋ ಯುದ್ಧದಲ್ಲಿ ಆಡಿರಬೇಕೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದನ್ನು ಆಡಿದ್ದೆನ್ನಲಾದ ಜಾಗ ದಕ್ಷಿಣ ಫ್ರಾನ್ಸಿನ ಒಂದು ಪಟ್ಟಣ. ಕೊಲ್ಲಬಂದವರೂ ಕ್ರೈಸ್ತರು, ಸತ್ತವರೂ ಕ್ರೈಸ್ತರು. ಪಶ್ಚಿಮ ಯುರೋಪಿನ ನಡುವೆಯೇ, ಕ್ರೈಸ್ತ ಪ್ರಭುಗಳ ನಾಡಿನ ಮೇಲೆ, ಪೋಪ್ ಒಬ್ಬರು ಪೂರ್ಣ ಪ್ರಮಾಣದ ಕ್ರುಸೇಡನ್ನು ಸಾರಿದ್ದು ಅದೇ ಮೊದಲು. ಅದಕ್ಕೆ ಕಾರಣರಾದವರನ್ನು ಇಂದು ‘ಕ್ಯಾಥರರು’ ಎಂದೂ, ಆಲ್ಬಿ ಎಂಬ ಊರಿನ ಹೆಸರಿನಿಂದ ‘ಆಲ್ಬಿಜೆನ್ಸಿಯನ್ನರು’ ಎಂದೂ ಕರೆಯುತ್ತಾರೆ.

‘ಪಾಷಂಡ’ ಎಂದರೆ ಏನು?

ಮೊದಲು ಪದವನ್ನು ಬಿಡಿಸಿಕೊಳ್ಳಬೇಕು. ಚರ್ಚಿನ ಭಾಷೆಯಲ್ಲಿ ಇಂಥ ಭಿನ್ನಮತಕ್ಕೆ ‘ಹೆರೆಸಿ’ ಎನ್ನುತ್ತಾರೆ. ಅದು ಗ್ರೀಕಿನ ‘ಹೈರೆಸಿಸ್’ ಎಂಬ ಪದದಿಂದ ಬಂದದ್ದು. ಅದರ ಮೂಲ ಅರ್ಥ ‘ಆಯ್ಕೆ’, ಅಂದರೆ ಒಬ್ಬನು ತನಗೆ ಸರಿಕಂಡ ತತ್ತ್ವಪಂಥವನ್ನು ಆರಿಸಿಕೊಳ್ಳುವುದು. ಕ್ರೈಸ್ತ ಲೇಖಕರ ಕೈಯಲ್ಲಿ ಅದು ಕ್ರಮೇಣ ‘ತಪ್ಪು ಆಯ್ಕೆ’ ಎಂಬ ಅರ್ಥ ಪಡೆಯಿತು. ನಮ್ಮ ‘ಪಾಷಂಡ’ ಪದದ ಗತಿಯೂ ಬಹುಮಟ್ಟಿಗೆ ಇದೇ. ಅಶೋಕನ ಶಾಸನಗಳಲ್ಲಿ ‘ಪಾಸಂಡ’ ಎಂದರೆ ಯಾವುದೇ ಧಾರ್ಮಿಕ ಪಂಥ. ಎಲ್ಲ ಪಾಸಂಡಗಳನ್ನೂ ಗೌರವಿಸಬೇಕೆನ್ನುವ ಹನ್ನೆರಡನೆಯ ಬಂಡೆಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೇ ಸಿಕ್ಕಿದೆ. ಅದೇ ಪದ ಮುಂದಿನ ಶತಮಾನಗಳಲ್ಲಿ ಬೈಗುಳವಾಯಿತು.

ಮಧ್ಯಯುಗದ ಚರ್ಚು ‘ಹೆರೆಸಿ’ (ಇಲ್ಲಿ ನಾವು ‘ಪಾಷಂಡ’ ಎನ್ನುವುದು) ಎಂಬ ಪದವನ್ನು ಬಳಸುವಾಗ ಒಂದು ಮುಖ್ಯ ಷರತ್ತು ಇತ್ತು. ಯೆಹೂದಿಯಾಗಲಿ ಮುಸ್ಲಿಮನಾಗಲಿ ಪಾಷಂಡಿಯಲ್ಲ, ಏಕೆಂದರೆ ಅವನು ಮೊದಲಿನಿಂದಲೂ ಚರ್ಚಿನ ಹೊರಗಿನವನು. ದೀಕ್ಷಾಸ್ನಾನ ಪಡೆದ ಕ್ರೈಸ್ತನೊಬ್ಬ ಚರ್ಚಿನ ಬೋಧನೆಗೆ ವಿರುದ್ಧವಾದುದನ್ನು ನಂಬಿ, ತಿದ್ದಿ ಹೇಳಿದ ಮೇಲೂ ಹಟ ಬಿಡದಿದ್ದರೆ ಮಾತ್ರ ಅವನು ಪಾಷಂಡಿ. ತಪ್ಪು ನಂಬಿಕೆಯೊಂದೇ ಸಾಲದು, ಹಟವೂ ಬೇಕು. ಈ ಎರಡನೆಯ ಅಂಶವೇ ಮುಂದೆ ಇಡೀ ವಿಚಾರಣಾ ವ್ಯವಸ್ಥೆಯ ತಿರುಗುಗೂಟವಾಯಿತು: ತಪ್ಪೊಪ್ಪಿಕೊಂಡವನಿಗೆ ಪ್ರಾಯಶ್ಚಿತ್ತ, ಒಪ್ಪದವನಿಗೆ ಬೆಂಕಿ.

ಎರಡು ತತ್ತ್ವಗಳ ಜಗತ್ತು

ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಜಗತ್ತಿನಲ್ಲಿ ಇಷ್ಟು ದುಃಖವೇಕೆ ಎಂಬ ಪ್ರಶ್ನೆಯಿಂದ ಕ್ಯಾಥರರ ಬೋಧನೆಯನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಚರ್ಚು ಇದಕ್ಕೆ ಆದಿಪಾಪ, ಮನುಷ್ಯನ ಸ್ವಾತಂತ್ರ್ಯ ಮುಂತಾದ ಉತ್ತರಗಳನ್ನು ಕೊಡುತ್ತಿತ್ತು. ಇವರ ಉತ್ತರ ನೇರವಾಗಿತ್ತು: ಈ ಜಗತ್ತನ್ನು ಮಾಡಿದವನು ಒಳ್ಳೆಯ ದೇವರೇ ಅಲ್ಲ. ಆತ್ಮಗಳು ಒಳ್ಳೆಯ ದೇವರವು. ಮಣ್ಣು, ಮಾಂಸ, ಮಳೆ, ಬೆಳೆ, ಮನುಷ್ಯನ ಮೈ ಇವೆಲ್ಲ ಕೆಟ್ಟ ಶಕ್ತಿಯ ಸೃಷ್ಟಿ. ಸ್ವರ್ಗದಿಂದ ಬಿದ್ದ ಆತ್ಮಗಳು ಮಾಂಸದ ಅಂಗಿ ತೊಟ್ಟು ಇಲ್ಲಿ ಸೆರೆಯಾಗಿವೆ. ಬಿಡುಗಡೆ ಸಿಗುವವರೆಗೆ ಅವು ಒಂದು ಮೈಯಿಂದ ಇನ್ನೊಂದಕ್ಕೆ ಅಲೆಯುತ್ತವೆ ಎಂದು ಅವರಲ್ಲಿ ಹಲವರು ನಂಬಿದ್ದರು.

ತತ್ತ್ವಶಾಸ್ತ್ರದ ಗ್ರಂಥಗಳು ಇದನ್ನು ದ್ವೈತವಾದ ಎಂದು ಕರೆಯುತ್ತವೆ. ಆದರೆ ಕನ್ನಡ ಓದುಗರು ಇಲ್ಲಿ ಎಚ್ಚರ ವಹಿಸಬೇಕು. ಮಧ್ವಾಚಾರ್ಯರ ದ್ವೈತದಲ್ಲಿ ಭೇದವಿರುವುದು ಸ್ವತಂತ್ರನಾದ ಪರಮಾತ್ಮನಿಗೂ ಅವನ ಅಧೀನವಾದ ಜೀವ-ಜಡಗಳಿಗೂ. ಜಗತ್ತು ಸತ್ಯ, ಅದು ಹರಿಯ ಅಧೀನ. ಕ್ಯಾಥರರಲ್ಲಿ ಭೇದವಿರುವುದು ಒಳ್ಳೆಯ ಸೃಷ್ಟಿಕರ್ತನಿಗೂ ಕೆಟ್ಟ ಸೃಷ್ಟಿಕರ್ತನಿಗೂ. ಹೆಸರು ಒಂದಾದ ಮಾತ್ರಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಈ ಒಂದು ನಂಬಿಕೆಯಿಂದ ಉಳಿದ ನಿರಾಕರಣೆಗಳೆಲ್ಲ ತಾವಾಗಿಯೇ ಹುಟ್ಟಿದವು. ಮೈಯೇ ಸೆರೆಮನೆಯಾದರೆ ಕ್ರಿಸ್ತನು ನಿಜವಾದ ಮಾಂಸದ ಮೈ ತಾಳಿರಲಾರ; ರೊಟ್ಟಿ ಜಡವಸ್ತುವಾದರೆ ಅದು ಪರಮಪ್ರಸಾದವಾಗಲಾರದು; ನೀರು ಪಾಪ ತೊಳೆಯಲಾರದು; ಶಿಲುಬೆ ಹಿಂಸೆಯ ಸಾಧನವಾದ್ದರಿಂದ ಪೂಜೆಗೆ ಅರ್ಹವಲ್ಲ. ಚರ್ಚಿನ ಪ್ರಭುತ್ವ ನಿಂತಿದ್ದುದೇ ಈ ಸಂಸ್ಕಾರಗಳ ಮೇಲೆ. ಇದಕ್ಕೆ ಹೋಲುವ ಬೋಧನೆಯನ್ನು ಹತ್ತನೆಯ ಶತಮಾನದ ಬಲ್ಗೇರಿಯಾದಲ್ಲಿ ಬೊಗೊಮಿಲ್ ಎಂಬ ಪಾದ್ರಿ ಸಾರಿದ್ದ. ಅಲ್ಲಿಂದ ವ್ಯಾಪಾರದ ದಾರಿಗಳ ಮೂಲಕ ಅದು ಪಶ್ಚಿಮಕ್ಕೆ ಬಂದಿತೆಂಬುದು ಬಹುಕಾಲ ಒಪ್ಪಿತವಾಗಿದ್ದ ವಿವರಣೆ.

ಒಳ್ಳೆಯ ಮನುಷ್ಯರ ಬದುಕು

‘ಕ್ಯಾಥರ್’ ಎಂಬ ಹೆಸರು ‘ಶುದ್ಧ’ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. 1163ರ ಹೊತ್ತಿಗೆ ಜರ್ಮನಿಯ ರೈನ್ ನದಿಯ ಸೀಮೆಯಲ್ಲಿ ಎಕ್ಬರ್ಟ್ ಎಂಬ ಸನ್ಯಾಸಿ ಅಲ್ಲಿನ ಭಿನ್ನಮತೀಯರನ್ನು ಖಂಡಿಸುತ್ತ ಅದನ್ನು ಬಳಸಿದ. ದಕ್ಷಿಣ ಫ್ರಾನ್ಸಿನ ಜನ ಮಾತ್ರ ತಮ್ಮ ಆಕ್ಸಿಟಾನ್ ನುಡಿಯಲ್ಲಿ ಅವರನ್ನು ‘ಒಳ್ಳೆಯ ಮನುಷ್ಯರು’, ‘ಒಳ್ಳೆಯ ಹೆಂಗಸರು’ ಎನ್ನುತ್ತಿದ್ದರು. ‘ಪೂರ್ಣರು’ ಎಂದು ಇಂದು ಪುಸ್ತಕಗಳಲ್ಲಿ ಕಾಣುವ ಹೆಸರು ವಿಚಾರಣಾಧಿಕಾರಿಗಳು ಬರೆದದ್ದು. ‘ಪೂರ್ಣ ಪಾಷಂಡಿ’ ಎಂಬುದು ಅದರ ಉದ್ದೇಶಿತ ಅರ್ಥ.

ಇವರ ವ್ಯವಸ್ಥೆಯನ್ನು ಜೈನರ ಮುನಿ ಮತ್ತು ಶ್ರಾವಕರ ಸಂಬಂಧಕ್ಕೆ ಹೋಲಿಸಿದರೆ ಹೊರರೂಪ ತಟ್ಟನೆ ತಿಳಿಯುತ್ತದೆ. ಕಠಿಣ ವ್ರತ ಹಿಡಿದವರು ಕೆಲವೇ ಮಂದಿ. ಅವರಿಗೆ ಅನ್ನ, ಆಸರೆ ಕೊಟ್ಟು ಗೌರವಿಸುವ ಗೃಹಸ್ಥರು ಬಹಳ ಮಂದಿ. ವ್ರತಸ್ಥರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುತ್ತಿರಲಿಲ್ಲ, ಏಕೆಂದರೆ ಅವು ಕೂಡುವಿಕೆಯಿಂದ ಹುಟ್ಟಿದವು. ಮೀನು ನೀರಿನಲ್ಲಿ ತಾನಾಗಿಯೇ ಹುಟ್ಟುತ್ತದೆಂದು ಆ ಕಾಲದವರು ನಂಬಿದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ಸುಳ್ಳು ಹೇಳಬಾರದು, ಆಣೆ ಇಡಬಾರದು, ಪ್ರಾಣಿಯನ್ನೂ ಕೊಲ್ಲಬಾರದು, ಹೆಣ್ಣು-ಗಂಡು ಪರಸ್ಪರ ಮುಟ್ಟಬಾರದು. ಭೂಮಾಲೀಕತ್ವದಿಂದ ಹಿಡಿದು ಪ್ರಭುನಿಷ್ಠೆಯವರೆಗೆ ಎಲ್ಲವೂ ಆಣೆಯ ಮೇಲೆ ನಿಂತಿದ್ದ ಸಮಾಜದಲ್ಲಿ ಆಣೆ ನಿರಾಕರಿಸುವುದು ಸಣ್ಣ ಸಂಗತಿಯಾಗಿರಲಿಲ್ಲ.

ಗೃಹಸ್ಥನನ್ನು ವ್ರತಸ್ಥನನ್ನಾಗಿ ಮಾಡುವ ಒಂದೇ ಸಂಸ್ಕಾರದ ಹೆಸರು ‘ಕೊನ್ಸೊಲಮೆಂತುಮ್’, ಎಂದರೆ ಸಾಂತ್ವನ. ಯೋಹಾನನ ಸುವಾರ್ತೆಯನ್ನು ತಲೆಯ ಮೇಲಿಟ್ಟು, ಕೈಯಿಟ್ಟು ಪ್ರಾರ್ಥಿಸುವುದು, ಅಷ್ಟೆ. ಅದನ್ನು ಪಡೆದ ಮೇಲೆ ವ್ರತ ಮುರಿದರೆ ಎಲ್ಲವೂ ವ್ಯರ್ಥವಾದ್ದರಿಂದ ಹೆಚ್ಚಿನವರು ಸಾಯುವ ಹಾಸಿಗೆಯ ಮೇಲೆಯೇ ಅದನ್ನು ಬೇಡುತ್ತಿದ್ದರು. ಹೆಂಗಸರೂ ಈ ಸಂಸ್ಕಾರ ಪಡೆದು ವ್ರತಸ್ಥರಾಗಬಹುದಿತ್ತು: ಫುವಾ ಸೀಮೆಯ ಕೌಂಟನ (ಆ ಸೀಮೆಯನ್ನಾಳುವ ಪ್ರಭುವಿನ) ಸೋದರಿ ಎಸ್ಕ್ಲಾರ್ಮೋಂದ್ 1204ರಲ್ಲಿ ಫಾಂಜೋ ಎಂಬ ಊರಿನಲ್ಲಿ, ಸೋದರನ ಕಣ್ಣೆದುರೇ ಅದನ್ನು ಸ್ವೀಕರಿಸಿದಳು.

ಆ ಸೀಮೆಯಲ್ಲಿಯೇ ಏಕೆ?

ಲಾಂಗ್‌ದಾಕ್ ಎಂದು ಇಂದು ಕರೆಯುವ ಆ ನಾಡು ಹೆಸರಿಗೆ ಫ್ರಾನ್ಸಿನ ದೊರೆಯದು. ನಿಜದಲ್ಲಿ ತುಲೂಸಿನ ಕೌಂಟ್, ಕಾರ್ಕಸೊನ್‌ನ ತ್ರಾಂಕಾವೆಲ್ ಮನೆತನ, ಫುವಾ ಕೌಂಟ್, ಪಿರನೀಸ್ ಬೆಟ್ಟದಾಚೆಯ ಆರಗೊನಿನ ದೊರೆ ಇವರೆಲ್ಲರ ಹಗ್ಗಜಗ್ಗಾಟದ ಅಂಗಳ. ಆಸ್ತಿಯನ್ನು ಮಕ್ಕಳೆಲ್ಲರಿಗೂ ಹಂಚುವ ಪದ್ಧತಿಯಿಂದಾಗಿ ಒಂದೊಂದು ಕೋಟೆಗೂ ಹತ್ತಾರು ಪಾಲುದಾರರಿದ್ದರು. ಕೈಯಲ್ಲಿ ಕಾಸಿಲ್ಲದ ಈ ಸಣ್ಣ ಪ್ರಭುಗಳಿಗೂ ದಶಮಾಂಶ ತೆರಿಗೆ ಕೇಳುವ ಬಿಷಪರಿಗೂ ಹಳೆಯ ಜಗಳ. ನಾರ್ಬೋನಿನ ಆರ್ಚ್‌ಬಿಷಪ್ ಬೆರೆಂಗಾರನ ದುರಾಸೆಯ ಬಗ್ಗೆ ಸ್ವತಃ ಪೋಪರೇ ತಮ್ಮ ಪತ್ರಗಳಲ್ಲಿ ಕಿಡಿಕಾರಿದ್ದಾರೆ. ಇತ್ತ ಒಳ್ಳೆಯ ಮನುಷ್ಯರು ನೇಯ್ಗೆಯಂಥ ಕೈಕಸುಬು ಮಾಡಿಕೊಂಡು, ಯಾರಿಂದಲೂ ದಶಮಾಂಶ ಕೇಳದೆ, ಊರೊಳಗಿನ ಮನೆಗಳಲ್ಲಿಯೇ ಇದ್ದರು.

ತುಲೂಸಿನ ಬಿಷಪ್ ಫುಲ್ಕ್ ಒಮ್ಮೆ ಅಲ್ಲಿಯ ನೈಟ್ ಒಬ್ಬನನ್ನು, ಇವರನ್ನು ನಿಮ್ಮ ನಾಡಿನಿಂದ ಏಕೆ ಓಡಿಸುವುದಿಲ್ಲ ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ಆ ಕಾಲದ ಚರಿತ್ರೆಯೊಂದರಲ್ಲಿ ದಾಖಲಾಗಿದೆ: ನಮ್ಮಿಂದಾಗದು, ನಾವು ಅವರ ಜೊತೆಯಲ್ಲೇ ಬೆಳೆದವರು, ನಮ್ಮ ಬಂಧುಗಳು ಅವರಲ್ಲಿದ್ದಾರೆ, ಅವರು ಎಷ್ಟು ಚೆನ್ನಾಗಿ ಬಾಳುತ್ತಾರೆಂಬುದನ್ನು ಕಣ್ಣಾರೆ ನೋಡುತ್ತಿದ್ದೇವೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಬೀಗದ ಕೈ ಈ ಉತ್ತರದಲ್ಲಿದೆ. ಚರ್ಚಿಗೆ ಕಂಡದ್ದು ಒಂದು ಸಿದ್ಧಾಂತ; ಊರಿನವರಿಗೆ ಕಂಡದ್ದು ಅತ್ತೆ, ಚಿಕ್ಕಪ್ಪ, ನೆರೆಮನೆಯವರು.

ಮೊದಲು ಉಪದೇಶ

ಚರ್ಚು ಮೊದಲು ಮಾತಿನಿಂದಲೇ ಗೆಲ್ಲಲು ನೋಡಿತು. 1145ರಲ್ಲಿ ಕ್ಲೆರ್ವೊ ಮಠದ ಬರ್ನಾರ್ಡ್ ಬಂದು ಉಪದೇಶ ಮಾಡಿದರು, ಫಲ ನಿಲ್ಲಲಿಲ್ಲ. 1198ರಲ್ಲಿ ಪೋಪರಾದ ಮೂರನೆಯ ಇನ್ನೊಸೆಂಟ್, ಮರುವರ್ಷವೇ ಪಾಷಂಡವನ್ನು ರಾಜದ್ರೋಹಕ್ಕೆ ಸಮನೆಂದು ಸಾರಿ, ಆಸ್ತಿ ಮುಟ್ಟುಗೋಲಿಗೆ ದಾರಿ ಮಾಡಿದರು. ಜೊತೆಗೆ ಸಿಸ್ಟರ್ಸಿಯನ್ ಮಠದ ಸನ್ಯಾಸಿಗಳನ್ನು ತಮ್ಮ ಪ್ರತಿನಿಧಿಗಳಾಗಿ ಕಳಿಸಿದರು. ಅವರು ಕುದುರೆ, ಪರಿವಾರ, ಬಟ್ಟೆಬರೆಯ ವೈಭವದೊಂದಿಗೆ ಬಂದು ತ್ಯಾಗದ ಮಾತಾಡಿದರೆ ಕೇಳುವವರು ಯಾರು? 1206ರಲ್ಲಿ ಮೊಂಪೆಲಿಯೆಯಲ್ಲಿ ಅವರನ್ನು ಕಂಡ ಸ್ಪೇನಿನ ಒಸ್ಮಾ ಊರಿನ ಬಿಷಪ್ ಡಿಯೆಗೊ ಮತ್ತು ಅವರ ಸಂಗಡಿಗ ಡೊಮಿನಿಕ್, ಕಾಲ್ನಡಿಗೆಯಲ್ಲಿ, ಭಿಕ್ಷೆ ಎತ್ತಿಕೊಂಡು ಉಪದೇಶ ಮಾಡೋಣವೆಂದು ಸೂಚಿಸಿದರು. ಎದುರಾಳಿಯ ಆಯುಧವನ್ನೇ ಎತ್ತಿಕೊಂಡ ಈ ಪ್ರಯೋಗದಿಂದ ಮುಂದೆ ಡೊಮಿನಿಕನ್ ಸಂಘ ಹುಟ್ಟಿತು. 1207ರಲ್ಲಿ ಮೊಂರೆಯಾಲ್, ಪಾಮಿಯೆ ಊರುಗಳಲ್ಲಿ ಎರಡೂ ಕಡೆಯವರು ಎದುರುಬದುರು ಕೂತು ವಾದಿಸಿದರು. ಆದರೆ ಕೆಲಸ ನಿಧಾನದ್ದಾಗಿತ್ತು. ರೋಮಿನ ತಾಳ್ಮೆ ತೆಳ್ಳಗಾಗುತ್ತಿತ್ತು.

ಒಂದು ಕೊಲೆ, ಒಂದು ಕರೆ

ಪೋಪರ ಪ್ರತಿನಿಧಿ ಪಿಯರ್ ದ ಕಾಸ್ತೆಲ್ನೊ, ಪಾಷಂಡಿಗಳನ್ನು ಹತ್ತಿಕ್ಕಲು ಒಪ್ಪದ ತುಲೂಸಿನ ಕೌಂಟ್ ಆರನೆಯ ರೇಮೊಂಡನಿಗೆ ಬಹಿಷ್ಕಾರ ಹಾಕಿದ್ದ. 1208ರ ಜನವರಿ 14ರಂದು, ಸಾಂ-ಜೀಲ್ ಪಟ್ಟಣದ ಬಳಿ ರೋನ್ ನದಿ ದಾಟಲು ಹೊರಟಿದ್ದ ಅವನನ್ನು ಒಬ್ಬ ಇರಿದು ಕೊಂದ. ಕೊಲೆಗಾರ ಕೌಂಟನ ಕಡೆಯವನೆಂದು ಪೋಪ್ ನಂಬಿದರು, ಅದು ಸಾಬೀತಾಗಲಿಲ್ಲ.

ಇನ್ನೊಸೆಂಟ್ ಕೊಟ್ಟ ಕರೆಯ ಒಳಗಿನ ಲೆಕ್ಕಾಚಾರವನ್ನು ಗಮನಿಸಬೇಕು. ಯುದ್ಧಕ್ಕೆ ಬಂದವರಿಗೆ ಜೆರುಸಲೇಮಿಗೆ ಹೋದಷ್ಟೇ ಪಾಪವಿಮೋಚನೆ. ಆದರೆ ಸಮುದ್ರ ದಾಟಬೇಕಿಲ್ಲ, 40 ದಿನ ಸೇವೆ ಸಲ್ಲಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಪಾಷಂಡಿಗಳಿಗೆ ಆಸರೆ ಕೊಟ್ಟ ಪ್ರಭುವಿನ ನೆಲವನ್ನು ಗೆದ್ದ ಕ್ಯಾಥೊಲಿಕನು ತನ್ನದಾಗಿಸಿಕೊಳ್ಳಬಹುದು. ಉತ್ತರ ಫ್ರಾನ್ಸಿನ ಎರಡನೆಯ, ಮೂರನೆಯ ಮಕ್ಕಳಿಗೆ, ತಮ್ಮಲ್ಲಿ ಸಿಗದ ಭೂಮಿ ಇಲ್ಲಿ ಪುಣ್ಯದ ಜೊತೆಗೇ ಸಿಗುವಂತಿತ್ತು. ರೇಮೊಂಡ್ ಮಾತ್ರ 1209ರ ಜೂನಿನಲ್ಲಿ ಸಾಂ-ಜೀಲ್ ಚರ್ಚಿನೆದುರು ಬರಿಮೈಯಲ್ಲಿ ಛಡಿಯೇಟು ತಿಂದು, ತಾನೂ ಕ್ರುಸೇಡಿನ ಶಿಲುಬೆ ಧರಿಸಿ, ಸೇನೆಯನ್ನು ಪಕ್ಕದ ತ್ರಾಂಕಾವೆಲ್ ಸೀಮೆಯತ್ತ ತಿರುಗಿಸಿಬಿಟ್ಟ.

ಬೆಜಿಯೆಯಲ್ಲಿ ಆದದ್ದು

1209ರ ಜುಲೈ 22, ಸಂತ ಮರಿಯ ಮಗ್ದಲೇನಳ ಹಬ್ಬದ ದಿನ, ಸೇನೆ ಬೆಜಿಯೆ ಪಟ್ಟಣದ ಮುಂದಿತ್ತು. ಊರಿನ ಬಿಷಪ್ 222 ಪಾಷಂಡಿಗಳ ಹೆಸರಿನ ಪಟ್ಟಿ ತಂದು, ಇವರನ್ನು ಒಪ್ಪಿಸಿ ಅಥವಾ ನೀವಾದರೂ ಊರು ಬಿಟ್ಟು ಹೊರಬನ್ನಿ ಎಂದು ಕ್ಯಾಥೊಲಿಕ್ ನಾಗರಿಕರನ್ನು ಕೇಳಿಕೊಂಡರು. ಬಹುತೇಕರು ಒಪ್ಪಲಿಲ್ಲ. ಅಷ್ಟರಲ್ಲಿ ಊರಿನ ಕೆಲವರು ಹೊರಬಂದು ಕೆಣಕಿದ್ದರಿಂದ, ನೈಟ್‌ಗಳು ಸಿದ್ಧರಾಗುವ ಮೊದಲೇ ಸೇನೆಯ ಜೊತೆಗಿದ್ದ ಪುಂಡರ ಪಡೆ ಬಾಗಿಲು ಮುರಿದು ಒಳನುಗ್ಗಿತು. ಮಗ್ದಲೇನಳ ಚರ್ಚಿನೊಳಗೆ ಅಡಗಿದವರನ್ನೂ ಬಿಡದೆ ಕೊಂದು ಊರಿಗೆ ಬೆಂಕಿಯಿಟ್ಟರು. ಪೋಪರ ಪ್ರತಿನಿಧಿಗಳೇ ರೋಮಿಗೆ ಬರೆದ ಪತ್ರದಲ್ಲಿ ಸತ್ತವರು ಸುಮಾರು 20,000 ಎಂದಿದ್ದಾರೆ. ಊರಿನ ಗಾತ್ರ ನೋಡಿದರೆ ಅದು ಉಬ್ಬಿಸಿದ ಸಂಖ್ಯೆಯೆಂದು ಇತಿಹಾಸಕಾರರು ಭಾವಿಸುತ್ತಾರೆ. ಸತ್ತವರಲ್ಲಿ ಹೆಚ್ಚಿನವರು ಕ್ಯಾಥೊಲಿಕರೇ ಆಗಿದ್ದರೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ಇನ್ನು ಆ ಪ್ರಸಿದ್ಧ ವಾಕ್ಯ. ಕ್ಯಾಥೊಲಿಕರನ್ನೂ ಪಾಷಂಡಿಗಳನ್ನೂ ಬೇರ್ಪಡಿಸುವುದು ಹೇಗೆಂದು ಕೇಳಿದಾಗ ಸೇನೆಯ ಧಾರ್ಮಿಕ ಮುಖ್ಯಸ್ಥ, ಸಿತೋ ಮಠದ ಅಧಿಪತಿ ಆರ್ನೊ ಅಮಾಲ್ರಿಕ್ ಹಾಗೆಂದನೆಂದು ಬರೆದವನು ಸೀಸರಿಯಸ್ ಎಂಬ ಜರ್ಮನ್ ಸನ್ಯಾಸಿ. ಅವನು ಅಲ್ಲಿರಲಿಲ್ಲ, ಬರೆದದ್ದೂ ಹತ್ತಕ್ಕೂ ಹೆಚ್ಚು ವರ್ಷಗಳ ಅನಂತರ. ಅವನ ಲ್ಯಾಟಿನ್ ವಾಕ್ಯದಲ್ಲಿರುವ ‘ಫೆರ್ತುರ್’ ಎಂಬ ಪದವನ್ನು ಅನುವಾದಿಸಲು ಹಲವು ಭಾಷೆಗಳು ಹೆಣಗಬೇಕು, ನಮ್ಮಲ್ಲಾದರೆ ಬಾಲಕ್ಕೊಂದು ‘ಅಂತೆ’ ಸೇರಿಸಿದರೆ ಮುಗಿಯಿತು: ಹಾಗೆ ಹೇಳಿದನಂತೆ. ಜಾಲತಾಣಗಳಲ್ಲಿ ಬಿದ್ದುಹೋಗಿರುವುದು ಆ ‘ಅಂತೆ’ಯೇ. ಆದರೆ ಮಾತು ಆಡಿದ್ದು ಖಚಿತವಲ್ಲದಿದ್ದರೂ ಕೊಲೆ ನಡೆದದ್ದು ಖಚಿತ.

ನೆಲದ ಯುದ್ಧ

ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗ ದಾಟಬಹುದು. ಆಗಸ್ಟ್ ನಡುವಿನಲ್ಲಿ ಕಾರ್ಕಸೊನ್ ಶರಣಾಯಿತು. ಅದರ ಯುವ ಪ್ರಭು ರೇಮೊಂಡ್ ರೋಜರ್ ತ್ರಾಂಕಾವೆಲ್ ಅದೇ ನವೆಂಬರಿನಲ್ಲಿ ಸೆರೆಯಲ್ಲಿ ಸತ್ತ. ಅವನ ನೆಲ ಉತ್ತರದ ಸಿಮೊನ್ ದ ಮೊಂಫೋರನ ಪಾಲಾಯಿತು. 1210ರಲ್ಲಿ ಮಿನೆರ್ವದಲ್ಲಿ ಸುಮಾರು 140 ವ್ರತಸ್ಥರನ್ನು, 1211ರಲ್ಲಿ ಲಾವೋರಿನಲ್ಲಿ ಸುಮಾರು 400 ಮಂದಿಯನ್ನು ಸುಟ್ಟರು. 1213ರ ಸೆಪ್ಟೆಂಬರ್ 12ರಂದು ಮ್ಯೂರೆ ಕದನದಲ್ಲಿ, ತುಲೂಸಿನ ಬೆಂಬಲಕ್ಕೆ ಬಂದ ಆರಗೊನಿನ ದೊರೆ ಪೆದ್ರೊ ಮಡಿದ. ಹಿಂದಿನ ವರ್ಷವಷ್ಟೇ ಸ್ಪೇನಿನಲ್ಲಿ ಮುಸ್ಲಿಮರನ್ನು ಸೋಲಿಸಿ ಕ್ರೈಸ್ತ ಜಗತ್ತಿನ ವೀರನೆನಿಸಿಕೊಂಡಿದ್ದ ದೊರೆ ಅವನು. 1218ರಲ್ಲಿ ತುಲೂಸಿನ ಮುತ್ತಿಗೆಯಲ್ಲಿ ಮೊಂಫೋರನ ತಲೆಗೆ ಕವಣೆಯಂತ್ರದ ಕಲ್ಲು ಬಿತ್ತು. ಆ ಯಂತ್ರವನ್ನು ನಡೆಸುತ್ತಿದ್ದವರು ಊರಿನ ಹೆಂಗಸರೆಂದು ಸಮಕಾಲೀನ ಕಾವ್ಯವೊಂದು ಹಾಡುತ್ತದೆ. ಕೊನೆಗೆ ಫ್ರಾನ್ಸಿನ ದೊರೆಯೇ ಕೈಹಾಕಿದ. 1229ರ ಪ್ಯಾರಿಸ್ ಒಪ್ಪಂದದಲ್ಲಿ ಏಳನೆಯ ರೇಮೊಂಡ್ ತನ್ನ ಒಬ್ಬಳೇ ಮಗಳನ್ನು ದೊರೆಯ ತಮ್ಮನಿಗೆ ಕೊಡಲು ಒಪ್ಪಿದ. ಆ ದಂಪತಿಗೆ ಮಕ್ಕಳಾಗದ ಕಾರಣ 1271ರಲ್ಲಿ ತುಲೂಸ್ ಫ್ರಾನ್ಸಿನ ಕಿರೀಟಕ್ಕೆ ಸೇರಿತು.

ಆದರೆ 1229ರಲ್ಲಿ ಒಳ್ಳೆಯ ಮನುಷ್ಯರು ಇನ್ನೂ ಇದ್ದರು. ಯುದ್ಧ ಕೋಟೆಗಳನ್ನು ಗೆದ್ದಿತ್ತು, ಮನೆಗಳನ್ನಲ್ಲ.

ಪ್ರಶ್ನೆ ಮತ್ತು ಲೇಖನಿ

ಮನೆಯೊಳಗೆ ಹೊಕ್ಕದ್ದು ‘ಇನ್‌ಕ್ವಿಸಿಷನ್’, ಎಂದರೆ ವಿಚಾರಣೆ. ಈ ಹೆಸರು ಕರ್ನಾಟಕದ ಕರಾವಳಿಗೆ ಹೊಸತಲ್ಲ. ಗೋವಾದಲ್ಲಿ 1560ರಲ್ಲಿ ಪೋರ್ಚುಗೀಸರು ಸ್ಥಾಪಿಸಿದ ಅದೇ ಹೆಸರಿನ ಸಂಸ್ಥೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕುಟುಂಬಗಳ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಅದು ದೊರೆಯ ಹಿಡಿತದ ಸಂಸ್ಥೆ. ನಾವು ಹೇಳುತ್ತಿರುವುದು ಅದಕ್ಕಿಂತ ಮುನ್ನೂರು ವರ್ಷ ಹಿಂದಿನದು: 1230ರ ದಶಕದ ಆರಂಭದಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಮುಖ್ಯವಾಗಿ ಡೊಮಿನಿಕನ್ ಸನ್ಯಾಸಿಗಳಿಗೆ ವಹಿಸಿದ ಕೆಲಸ.

ಹಳೆಯ ಪದ್ಧತಿಯಲ್ಲಿ ದೂರುದಾರ ಮುಂದೆ ಬಂದರೆ ಮಾತ್ರ ಮೊಕದ್ದಮೆ. ಇಲ್ಲಿ ನ್ಯಾಯಾಧೀಶನೇ ಊರಿಗೆ ಬಂದು, 14 ದಾಟಿದ ಗಂಡಸರನ್ನೂ 12 ದಾಟಿದ ಹೆಂಗಸರನ್ನೂ ಕರೆಸಿ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳುತ್ತಿದ್ದ. ಪಾಷಂಡಿಗಳನ್ನು ನೋಡಿದ್ದೀಯಾ? ಎಲ್ಲಿ, ಯಾವಾಗ, ಜೊತೆಯಲ್ಲಿ ಯಾರಿದ್ದರು? ಅವರಿಗೆ ಬಗ್ಗಿ ನಮಸ್ಕರಿಸಿದೆಯಾ? ತಿನ್ನಲು ಏನಾದರೂ ಕೊಟ್ಟೆಯಾ? ದೇವರ ಸ್ವರೂಪವೇನೆಂಬ ಪ್ರಶ್ನೆಗಿಂತ ಇವೇ ಹೆಚ್ಚು. ಉತ್ತರಗಳನ್ನು ಲೇಖಕ ಆಕ್ಸಿಟಾನಿನಲ್ಲಿ ಕೇಳಿ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಿದ್ದ. ಸಾಕ್ಷಿ ಹೇಳಿದವರ ಹೆಸರನ್ನು ಆರೋಪಿಗೆ ತಿಳಿಸುತ್ತಿರಲಿಲ್ಲ.

ನಮ್ಮ ಹಳ್ಳಿಗಳ ಮದುವೆಮನೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕವನ್ನು ನೆನೆಸಿಕೊಳ್ಳಿ. ಯಾರು ಎಷ್ಟು ಕೊಟ್ಟರೆಂಬುದಷ್ಟೇ ಅದರಲ್ಲಿರುತ್ತದೆ. ಆದರೆ ಅಂಥ ನೂರು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವನಿಗೆ ಆ ಸೀಮೆಯಲ್ಲಿ ಯಾರಿಗೆ ಯಾರು ಬೇಕಾದವರೆಂಬುದು ಅಂಗೈಯ ಗೆರೆಯಂತೆ ಕಾಣುತ್ತದೆ. ವಿಚಾರಣಾಧಿಕಾರಿಗಳ ದಫ್ತರ ಅಂಥದ್ದು. 1245-46ರಲ್ಲಿ ಬರ್ನಾರ್ ದ ಕೋ ಮತ್ತು ಜಾಂ ದ ಸಾಂ-ಪಿಯರ್ ಎಂಬಿಬ್ಬರು ತುಲೂಸಿನ ಸುತ್ತಲಿನ ಹಳ್ಳಿಗಳಿಂದ 5,000ಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿದರು. ಆ ಹೇಳಿಕೆಗಳ ಪ್ರತಿ ಇಂದಿಗೂ ತುಲೂಸಿನ ಗ್ರಂಥಾಲಯದಲ್ಲಿ 609ನೆಯ ಹಸ್ತಪ್ರತಿಯಾಗಿ ಉಳಿದಿದೆ. ಒಬ್ಬಳು ಮರೆತ ಹೆಸರನ್ನು ಅವಳ ಓರಗಿತ್ತಿ ಹೇಳುತ್ತಿದ್ದಳು. ಹತ್ತು ವರ್ಷ ಹಿಂದೆ ಹೇಳಿದ್ದಕ್ಕೂ ಇಂದು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಕಡತ ಅದನ್ನು ಹಿಡಿದುಕೊಡುತ್ತಿತ್ತು.

ಶಿಕ್ಷೆಯೆಂದರೆ ಬೆಂಕಿಯೇ ಎಂಬ ಕಲ್ಪನೆ ಪೂರ್ತಿ ಸರಿಯಲ್ಲ. ತೀರ್ಥಯಾತ್ರೆ, ಅಂಗಿಯ ಮೇಲೆ ಹೊಲಿದುಕೊಳ್ಳಬೇಕಾದ ಹಳದಿ ಬಟ್ಟೆಯ ಶಿಲುಬೆ, ಆಸ್ತಿ ಮುಟ್ಟುಗೋಲು, ಸೆರೆವಾಸ ಇವೇ ಹೆಚ್ಚು. 1307ರಿಂದ ತುಲೂಸಿನಲ್ಲಿ ವಿಚಾರಣಾಧಿಕಾರಿಯಾಗಿದ್ದ ಬರ್ನಾರ್ ಗಿ ವಿಧಿಸಿದ 600ಕ್ಕೂ ಹೆಚ್ಚು ಶಿಕ್ಷೆಗಳಲ್ಲಿ ಜೀವಂತ ಸುಟ್ಟದ್ದು 40ರ ಆಸುಪಾಸು. ಚರ್ಚು ತಾನೇ ರಕ್ತ ಹರಿಸುವಂತಿಲ್ಲವಾದ್ದರಿಂದ ಅಂಥವರನ್ನು ಸರಕಾರದ ಕೈಗೆ ‘ಬಿಟ್ಟುಕೊಡುತ್ತಿತ್ತು’. ಮುಂದೇನಾಗುವುದೆಂದು ಎಲ್ಲರಿಗೂ ಗೊತ್ತಿತ್ತು. 1252ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟ್ ಚಿತ್ರಹಿಂಸೆಗೂ ಅನುಮತಿ ಕೊಟ್ಟರು. ಆದರೂ ಜನರ ಬಾಯಿ ಬಿಡಿಸಿದ್ದು ಬಹುಮಟ್ಟಿಗೆ, ನೆರೆಯವರು ಈಗಾಗಲೇ ಏನು ಹೇಳಿದ್ದಾರೋ ಎಂಬ ಅಳುಕು.

ಮೊಂಸೆಗ್ಯೂರ್

ಈ ಕಡತಗಳ ಭಯ ಎಷ್ಟಿತ್ತೆಂಬುದಕ್ಕೆ 1242ರ ಮೇ ತಿಂಗಳ ಘಟನೆಯೇ ಸಾಕು. ಅವಿನ್ಯೊನೆ ಎಂಬ ಊರಿನಲ್ಲಿ ತಂಗಿದ್ದ ಇಬ್ಬರು ವಿಚಾರಣಾಧಿಕಾರಿಗಳನ್ನು, ಅವರ ಪರಿವಾರದೊಂದಿಗೆ, ಮೊಂಸೆಗ್ಯೂರ್ ಬೆಟ್ಟದ ಕೋಟೆಯಿಂದ ಬಂದವರು ರಾತ್ರೋರಾತ್ರಿ ಕೊಂದರು; ಅವರ ದಫ್ತರಗಳನ್ನೂ ನಾಶ ಮಾಡಿದರು. ಮರುವರ್ಷ ದೊರೆಯ ಸೇನೆ ಬೆಟ್ಟವನ್ನು ಸುತ್ತುವರಿಯಿತು. ಹತ್ತು ತಿಂಗಳ ಬಳಿಕ, 1244ರ ಮಾರ್ಚಿನ ಆರಂಭದಲ್ಲಿ ಕೋಟೆ ಶರಣಾಯಿತು. ಸೈನಿಕರಿಗೆ ಕ್ಷಮೆ, ನಂಬಿಕೆ ಬಿಟ್ಟವರಿಗೆ ಬಿಡುಗಡೆ, ಯೋಚಿಸಲು ಎರಡು ವಾರ. ಆ ಎರಡು ವಾರಗಳಲ್ಲಿ ಸುಮಾರು 20 ಮಂದಿ ಗೃಹಸ್ಥರು, ಹೊರಗೆ ನಡೆದುಹೋಗಬಹುದಾಗಿದ್ದವರು, ತಾವಾಗಿ ಸಾಂತ್ವನ ಸಂಸ್ಕಾರ ಪಡೆದರು. ಮಾರ್ಚ್ 16ರಂದು 200ಕ್ಕೂ ಹೆಚ್ಚು ಜನರನ್ನು ಬೆಟ್ಟದ ಬುಡದಲ್ಲಿ ಸುಟ್ಟರು.

ಅಲ್ಲಿಂದ ನಿಧಿಯೊಂದನ್ನು ಸಾಗಿಸಿದರೆಂಬ ಸಂಗತಿಯ ಮೇಲೆ ಕ್ರಿಸ್ತನು ಕೊನೆಯ ಭೋಜನದಲ್ಲಿ ಬಳಸಿದನೆನ್ನುವ ಪವಿತ್ರ ಪಾನಪಾತ್ರೆಯ ಕಥೆಗಳೆಲ್ಲ ಹುಟ್ಟಿಕೊಂಡಿವೆ. ಅವು ಪ್ರವಾಸೋದ್ಯಮಕ್ಕೆ ಉಪಕಾರ ಮಾಡಿರಬಹುದು. ಸಾಕ್ಷಿಗಳು ವಿಚಾರಣೆಯಲ್ಲಿ ಹೇಳಿದ್ದು ಚಿನ್ನ, ಬೆಳ್ಳಿ, ನಾಣ್ಯಗಳ ಬಗ್ಗೆ.

ಕ್ಯಾಥರರು ನಿಜವಾಗಿ ಇದ್ದರೇ?

ವಿಚಿತ್ರವೆನಿಸಿದರೂ ಇಂದಿನ ಇತಿಹಾಸಕಾರರ ನಡುವಿನ ಗಂಭೀರ ವಾದ ಇದು. ಒಂದು ಪಕ್ಷದ ಪ್ರಕಾರ ಬಿಷಪ್ಪರು, ಧರ್ಮಪ್ರಾಂತಗಳು, ಬಲ್ಗೇರಿಯಾ ಇರುವ ಬಾಲ್ಕನ್ ಸೀಮೆಯ ನಂಟು ಎಲ್ಲವೂ ಇದ್ದ ಪ್ರತಿಚರ್ಚೊಂದು ಅಲ್ಲಿತ್ತು; 1167ರಲ್ಲಿ ಸಾಂ-ಫೆಲಿಯಲ್ಲಿ ಅದರ ಸಭೆಯೂ ಸೇರಿತ್ತು. ಇನ್ನೊಂದು ಪಕ್ಷ, ಆ ಸಭೆಯ ದಾಖಲೆ 1660ರ ಮುದ್ರಿತ ಪುಸ್ತಕದಲ್ಲಿ ಮಾತ್ರ ಸಿಗುವುದನ್ನು ತೋರಿಸಿ, ಊರೂರಿನ ಸಜ್ಜನಿಕೆಯ ಆಚಾರವನ್ನು ಮಠದಲ್ಲಿ ಓದಿದ ಸನ್ಯಾಸಿಗಳು ಪ್ರಾಚೀನ ಪುಸ್ತಕಗಳ ಪಾಷಂಡದ ಅಚ್ಚಿಗೆ ಸುರಿದು ‘ಪಂಥ’ವೊಂದನ್ನು ಎರಕ ಹೊಯ್ದರೆಂದು ವಾದಿಸುತ್ತದೆ. ಹದಿಮೂರನೆಯ ಶತಮಾನದಲ್ಲಿ ಅವರದೇ ಪಠ್ಯಗಳು ಕೆಲವು ಸಿಗುವುದರಿಂದ ಆ ಕಾಲದ ಬಗ್ಗೆ ಜಗಳ ಕಡಿಮೆ. 1209ಕ್ಕೆ ಮುಂಚಿನ ಸ್ಥಿತಿಯ ಬಗ್ಗೆಯೇ ಹೆಚ್ಚು.

ಕೊನೆಯವನು

ಲಾಂಗ್‌ದಾಕಿನಲ್ಲಿ ಸುಟ್ಟ ಕೊನೆಯ ಒಳ್ಳೆಯ ಮನುಷ್ಯನ ಹೆಸರು ಗಿಯೋಮ್ ಬೆಲಿಬಾಸ್ತ್. ಅವನೇನೂ ಆದರ್ಶ ವ್ರತಸ್ಥನಲ್ಲ: ಜಗಳದಲ್ಲಿ ಒಬ್ಬ ಕುರುಬನನ್ನು ಕೊಂದು ಓಡಿಹೋದವನು, ಪಿರನೀಸ್ ಬೆಟ್ಟದಾಚೆ ನೇಕಾರರ ಹಣಿಗೆ ಮಾಡಿಕೊಂಡು ಬದುಕುತ್ತ, ಒಬ್ಬ ಹೆಂಗಸಿನೊಂದಿಗೆ ಗುಟ್ಟಾಗಿ ಸಂಸಾರ ಮಾಡಿದವನು. ಅವನ ಸುತ್ತಲಿನ ಸಣ್ಣ ಗುಂಪಿಗೆ ಆರ್ನೊ ಸಿಕ್ರ್ ಎಂಬವನು ಭಕ್ತನ ವೇಷದಲ್ಲಿ ಸೇರಿಕೊಂಡ. ಸಿಕ್ರನ ತಾಯಿಯನ್ನು ಇದೇ ನಂಬಿಕೆಗಾಗಿ ಸುಟ್ಟು ಅವಳ ಮನೆ-ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿದ್ದರು. ಒಬ್ಬ ವ್ರತಸ್ಥನನ್ನು ಹಿಡಿದುಕೊಟ್ಟರೆ ಅದು ವಾಪಸು ಸಿಗುತ್ತದೆಂಬುದು ಅವನ ಲೆಕ್ಕ. ನಯವಾದ ಮಾತಿನಿಂದ ಬೆಲಿಬಾಸ್ತನನ್ನು ಗಡಿ ದಾಟಿಸಿ ಕರೆತಂದ. 1321ರಲ್ಲಿ ವಿಲ್‌ರೂಜ್-ತೆರ್ಮೆನೆಸ್ ಕೋಟೆಯಲ್ಲಿ ಅವನನ್ನು ಸುಟ್ಟರು.

ಸಿಕ್ರ್ ಅದೇ ವರ್ಷ ಪಾಮಿಯೆಯ ಬಿಷಪ್ ಜಾಕ್ ಫೂರ್ನಿಯೆಯ ಮುಂದೆ ನಡೆದದ್ದನ್ನೆಲ್ಲ ಹೇಳಿದ; ಬೆಲಿಬಾಸ್ತ್ ಊಟದ ಹೊತ್ತಿನಲ್ಲಿ ಹೇಳಿದ ಕಥೆಗಳು, ಸ್ವರ್ಗದಿಂದ ಬಿದ್ದ ಆತ್ಮಗಳ ವರ್ಣನೆ, ಚರ್ಚಿನ ಮೇಲಿನ ಅವನ ವ್ಯಂಗ್ಯ, ಎಲ್ಲವನ್ನೂ. ಲೇಖಕ ಬರೆದುಕೊಂಡ. 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪರಾದ ಫೂರ್ನಿಯೆಯ ಆ ದಫ್ತರ ಇಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಕೊನೆಯ ಒಳ್ಳೆಯ ಮನುಷ್ಯನ ಬೋಧನೆ ನಮಗೆ ಇಷ್ಟು ವಿವರವಾಗಿ ದೊರೆತಿರುವುದು, ಅವನನ್ನು ಹಿಡಿದುಕೊಟ್ಟವನ ಹೇಳಿಕೆಯಾಗಿ, ಅವನ ಭಾಷೆಯಲ್ಲದ ಲ್ಯಾಟಿನ್ನಿನಲ್ಲಿ.